ಅಂಗಳದ ಪೈನ್ ಮರ ಸವರುವುದು ಹೇಗೆ: ಸಿಲ್ವರ್ ಮರದ ಲೆಕ್ಕ ಇಲ್ಲಿ ನಡೆಯುವುದಿಲ್ಲ

“ಮರ ಮನೆಗಿಂತ ಎತ್ತರ ಹೋಯ್ತು, ಮಳೆಗಾಲಕ್ಕೆ ಮುಂಚೆ ತುದಿ ಹೊಡೆಸಿಬಿಡಲಾ?”

ಏಪ್ರಿಲ್-ಮೇ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯ ಓದುಗರು ಇದೊಂದನ್ನೇ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ. ಪೈನ್ ಮರದ ತುದಿ ಹೊಡೆಸಬೇಡಿ. ಮಿಕ್ಕ ಮಾತು ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೂ ಇದಿಷ್ಟು ನೆನಪಿರಲಿ.

ನಮ್ಮ ಕಡೆ ಮರ ಸವರುವ ಕೈ ಪಳಗಿರುವುದು ಕಾಫಿ ತೋಟದಲ್ಲಿ. ಕಾಫಿಗೆ ನೆರಳು ಕೊಡುವ ಸಿಲ್ವರ್ ಮರಕ್ಕೆ (ಸಿಲ್ವರ್ ಓಕ್), ಹಾಲವಾಣಕ್ಕೆ ಮರಗಸಿ ಮಾಡಿ ನೆರಳನ್ನು ಬೇಕಾದಷ್ಟಕ್ಕೆ ನಿಲ್ಲಿಸುವುದರಲ್ಲಿ ಇಲ್ಲಿನವರನ್ನು ಮೀರಿಸುವವರಿಲ್ಲ. (ತೋಟದ ಮಾತಿನಲ್ಲಿ ಕಸಿ ಎಂದರೆ ಕೊಂಬೆ ಸವರುವುದು. ನರ್ಸರಿಯಲ್ಲಿ ಎರಡು ಗಿಡ ಕೂಡಿಸುವ ಕಸಿ ಬೇರೆ.) ಸಿಲ್ವರ್ ಮರವನ್ನು ಬೋಳಿಸಿದರೂ ಕಾಂಡದ ಮೈಯಿಂದ ಹೊಸ ಚಿಗುರು ಒಡೆಯುತ್ತದೆ. ಹಾಲವಾಣದ ಕೊಂಬೆ ಕಡಿದು ಮಣ್ಣಿಗೆ ನೆಟ್ಟರೂ ಬದುಕುತ್ತದೆ. ಅದೇ ಕೈ, ಅದೇ ಕತ್ತಿ, ಅದೇ ಧೈರ್ಯ ಅಂಗಳದ ಪೈನ್ ಮರಕ್ಕೂ ಹತ್ತಿದಾಗ ಅನಾಹುತವಾಗುತ್ತದೆ. ಪೈನ್‌ನ ಕೊಂಬೆಯಲ್ಲಿ ಸೂಜಿಯೆಲೆ ಉದುರಿ ಬೋಳಾದ ಭಾಗದೊಳಗೆ ಮತ್ತೆ ಏಳುವ ಮೊಗ್ಗು ಇರುವುದಿಲ್ಲ. ಅಲ್ಲಿ ಕಡಿದರೆ ಆ ಕೊಂಬೆ ಮುಗಿಯಿತು. ಹಿಮಾಲಯದ ಚೀಡ್ ಪೈನ್‌ನಂಥ ಕೆಲವೇ ಜಾತಿಗಳು ಕಾಂಡದಿಂದ ಚಿಗುರಬಲ್ಲವು, ಆದರೆ ಅದನ್ನು ನಂಬಿಕೊಂಡು ಕತ್ತಿ ಎತ್ತುವಂತಿಲ್ಲ.

ಹಾಗಾದರೆ ಸವರುವುದೇ ಬೇಡವೇ? ಬೇಕು. ಎಲ್ಲಿ, ಯಾವಾಗ, ಎಷ್ಟು ಎಂಬುದು ಗೊತ್ತಿರಬೇಕು, ಅಷ್ಟೇ.

ಮೊದಲು, ಅದು ಪೈನ್ ಹೌದೇ?

ಪಶ್ಚಿಮ ಘಟ್ಟದ ಕಾಡಿನಲ್ಲಿ ಪೈನ್ ತಾನಾಗಿ ಬೆಳೆಯುವ ಮರವಲ್ಲ. ಇಲ್ಲಿ ಇರುವುದೆಲ್ಲ ಯಾರೋ ತಂದು ನೆಟ್ಟದ್ದು. ನರ್ಸರಿಯಲ್ಲಿ “ಪೈನ್”, “ಕ್ರಿಸ್‌ಮಸ್ ಗಿಡ” ಎಂದು ಕೊಟ್ಟದ್ದರಲ್ಲಿ ಎಷ್ಟೋ ಪೈನ್ ಅಲ್ಲ. ಸವರುವ ಕ್ರಮ ಒಂದೊಂದಕ್ಕೂ ಬೇರೆ ಆದ್ದರಿಂದ ಒಂದು ಸಣ್ಣ ಟೊಂಗೆ ಮುರಿದು ಕೈಯಲ್ಲಿ ಹಿಡಿದು ನೋಡಿ.

ಪೈನ್ ಆಗಿದ್ದರೆ ಸೂಜಿಗಳು ಕಟ್ಟುಕಟ್ಟಾಗಿ ಇರುತ್ತವೆ. ಒಂದು ಕಟ್ಟಿನಲ್ಲಿ ಎರಡು, ಮೂರು ಅಥವಾ ಐದು ಸೂಜಿ, ಬುಡದಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಕವಚ. ನಮ್ಮ ಹವೆಗೆ ಒಗ್ಗಿದ ಚೀಡ್ ಪೈನ್, ಮೆಕ್ಸಿಕೋ ಮೂಲದ ಜೋತುಬೀಳುವ ಸೂಜಿಯ ಪ್ಯಾಟುಲಾ, ಕೆರಿಬಿಯನ್ ಪೈನ್ ಇವುಗಳಲ್ಲಿ ಸಾಮಾನ್ಯವಾಗಿ ಮೂರು ಸೂಜಿ.

ಸರ್ವೆ ಮರದ ‘ಸೂಜಿ’ ನಿಜವಾಗಿ ಎಲೆಯೇ ಅಲ್ಲ, ಗಂಟುಗಂಟಿನ ಸಣ್ಣ ಕಡ್ಡಿ. ಎರಡೂ ತುದಿ ಹಿಡಿದು ಎಳೆದರೆ ಗಂಟಿನಲ್ಲಿ ಟಪ್ಪನೆ ಕಳಚುತ್ತದೆ. ಸರ್ವೆಯಾದರೆ ನಿಮಗೆ ಚಿಂತೆಯಿಲ್ಲ, ಬೇಲಿಯಂತೆ ಕತ್ತರಿಸಿದರೂ ತಡೆದುಕೊಳ್ಳುತ್ತದೆ. ಥುಜಾದಲ್ಲಿ ಸೂಜಿ ಇರುವುದಿಲ್ಲ, ಹಾವಿನ ಪೊರೆಯಂತೆ ಒತ್ತೊತ್ತಾದ ಹುರುಪೆ ಇರುತ್ತದೆ. ಅದರ ಹೊರಮೈಯ ಹಸಿರನ್ನಷ್ಟೇ ಕತ್ತರಿಸಬಹುದು, ಒಳಗಿನ ಕಂದು ಭಾಗ ಮುಟ್ಟಿದರೆ ತೂತು ಹಾಗೇ ಉಳಿಯುತ್ತದೆ.

ಇನ್ನು ಕೊಡೆಯ ಕಡ್ಡಿಗಳಂತೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ, ಚರ್ಚುಗಳ ಮುಂದೆ, ಎಸ್ಟೇಟ್ ಬಂಗಲೆಗಳ ಮುಂದೆ ಕಾಣುವ ಗಿಡ ಅರೌಕೇರಿಯಾ. ಅದರ ಪಕ್ಕದ ಕೊಂಬೆ ಒಂದು ಸಲ ಹೋದರೆ ಆ ಜಾಗ ಮತ್ತೆ ತುಂಬುವುದಿಲ್ಲ. ಒಣಗಿದ್ದು ಬಿಟ್ಟು ಬೇರೇನೂ ತೆಗೆಯಬೇಡಿ. ಅದೇ ಕುಲದ ಕುಕ್ ಪೈನ್ ಎಂಬುದು ಭೂಮಧ್ಯರೇಖೆಯ ಕಡೆಗೆ, ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ, ವಾಲಿ ಬೆಳೆಯುವ ಗುಣದ್ದು. “ಮರ ಬೀಳುತ್ತಾ ಇದೆ” ಎಂದು ಹೆದರಿ ಕಡಿಸಿದವರಿದ್ದಾರೆ. ಬುಡದ ಮಣ್ಣು ಬಿರಿದಿಲ್ಲ, ಬೇರು ಎದ್ದಿಲ್ಲ ಎಂದಾದರೆ ವಾಲಿದ್ದಷ್ಟೇ ಕಾರಣಕ್ಕೆ ಕಡಿಸಬೇಡಿ.

ಗುರುತು ಸಿಗದಿದ್ದರೆ ಒಂದು ಟೊಂಗೆ, ಒಂದು ಕಾಯಿ ಸಿಕ್ಕರೆ ಅದನ್ನೂ, ಮೂಡಿಗೆರೆಯ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸಿ.

ಮುಂದಿನದೆಲ್ಲ ನಿಜವಾದ ಪೈನ್‌ಗೆ.

ಮರ ಬೆಳೆಯುವ ರೀತಿ ತಿಳಿದರೆ ಅರ್ಧ ಕೆಲಸ ಆದಂತೆ

ಪೈನ್ ಕೊಂಬೆಯ ತುದಿಯಲ್ಲಿ ಚಿಗುರು ಹೊರಡುವಾಗ ಎಲೆ ಕಾಣುವುದಿಲ್ಲ. ಸಣ್ಣ ಮೇಣದಬತ್ತಿಯನ್ನು ನೆಟ್ಟಗೆ ನಿಲ್ಲಿಸಿದಂತೆ ಬೆಳ್ಳಗೆ, ಮೆತ್ತಗೆ ಮೇಲೇಳುತ್ತದೆ. ಇದನ್ನು ಬತ್ತಿ ಎನ್ನೋಣ. ಬತ್ತಿ ಉದ್ದವಾಗಿ, ಅದರ ಮೈಯಿಂದ ಸೂಜಿಗಳು ಹೊರಬಂದು ಅರಳಿ, ಆಮೇಲೆ ಗಟ್ಟಿ ಕೊಂಬೆಯಾಗುತ್ತದೆ. ಮುಂದಿನ ಬೆಳವಣಿಗೆಯ ಮೊಗ್ಗುಗಳು ಅದರ ತುದಿಯಲ್ಲಿ ಕೂರುತ್ತವೆ. ಮರದ ಬೆಳೆಯುವ ಶಕ್ತಿಯೆಲ್ಲ ತುದಿಗಳಲ್ಲೇ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ನಾಲ್ಕೈದು ಕೊಂಬೆ ಚಕ್ರದ ಅರಗಳಂತೆ ಹೊರಡುತ್ತವೆ. ಇದು ಒಂದು ಸುತ್ತು. ಸುತ್ತಿನಿಂದ ಸುತ್ತಿಗೆ ನಡುವೆ ಬೋಳು ಕಾಂಡ. ಬಿಸಿಲು ನಾಡಿನಲ್ಲಿ ಕೆರಿಬಿಯನ್ ಪೈನ್‌ನಂಥವು ಕೆಲವೊಮ್ಮೆ ಪಕ್ಕದ ಕೊಂಬೆಯನ್ನೇ ಬಿಡದೆ ಮಾರುದ್ದ ಒಂಟಿಯಾಗಿ ಮೇಲೇರುತ್ತವೆ, ನೋಡಲು ನರಿಯ ಬಾಲ. ಕೊಂಬೆ ಬರಲಿ ಎಂದು ಆ ತುದಿಯನ್ನು ಕಡಿಯಬೇಡಿ. ಕಾದರೆ ಮೇಲೆ ಮತ್ತೆ ಸುತ್ತು ಬರುತ್ತದೆ.

ಹಳೆಯ ಸೂಜಿಗಳು ಎರಡು ಮೂರು ವರ್ಷಕ್ಕೆ ಹಳದಿಯಾಗಿ ಉದುರುತ್ತವೆ. ಕೊಂಬೆಯ ಒಳಭಾಗ, ಕಾಂಡದ ಹತ್ತಿರದ್ದು ಮೊದಲು. ತುದಿ ಹಸಿರಾಗಿದ್ದು ಒಳಗಷ್ಟೇ ಹಳದಿಯಾದರೆ ಅದು ರೋಗವಲ್ಲ. ತುದಿಯೇ ಕಂದಾಗುತ್ತಾ ಬಂದರೆ ಆಗ ಯೋಚಿಸಿ. ಹಾಗೆಯೇ ಮಲೆನಾಡಿನ ಕೊಂಬೆಗಳ ಮೇಲೆ ಹಬ್ಬುವ ಪಾಚಿ, ಕಲ್ಲುಹೂವು ಮರವನ್ನು ತಿನ್ನುವುದಿಲ್ಲ. ಅದನ್ನು ಕಂಡು ಕೊಂಬೆಗೆ ಕತ್ತರಿ ಹಾಕಬೇಡಿ, ತಂತಿ ಬ್ರಷ್‌ನಿಂದ ಉಜ್ಜಲೂ ಬೇಡಿ.

ಯಾವ ಕಾಲಕ್ಕೆ ಯಾವ ಕೆಲಸ

ಒಣಗಿದ, ಮುರಿದ ಕೊಂಬೆಗೆ ಕಾಲ ನೋಡಬೇಕಿಲ್ಲ, ಕಂಡ ದಿನ ತೆಗೆಯಿರಿ. ಆದರೂ ಮೃಗಶಿರಾ ಮಳೆ ಹೂಡುವ ಮುನ್ನ, ಅಂದರೆ ಮೇ ಮುಗಿಯುವುದರೊಳಗೆ, ಒಂದು ಸಲ ಪೂರ್ತಿ ಕಣ್ಣಾಡಿಸಿ. ಜೂನ್-ಜುಲೈನ ಪಡುವಣ ಗಾಳಿಗೆ ಹೆಂಚಿನ ಮೇಲೆ ಬೀಳುವುದು ಹೆಚ್ಚಾಗಿ ಒಣಕೊಂಬೆಯೇ.

ಹಸಿ ಕೊಂಬೆ ತೆಗೆಯಲು ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯದು. ಹವೆ ಒಣಗಿರುತ್ತದೆ, ಗಾಯ ಬೇಗ ಆರುತ್ತದೆ, ಮರದ ಓಟವೂ ನಿಧಾನ. ತೊಂದರೆ ಏನೆಂದರೆ ಅದೇ ಹೊತ್ತಿಗೆ ಕಾಫಿ ಕುಯ್ಲು, ಹಿಂದೆಯೇ ಮೆಣಸು. ಆಳು ಸಿಗುವುದಿಲ್ಲ. ನೆಲದಲ್ಲಿ ನಿಂತು ಕೈಗೆಟಕುವ ಕೆಲಸವನ್ನು ನೀವೇ ಸಂಕ್ರಾಂತಿ ಆಸುಪಾಸಿನಲ್ಲಿ ಮುಗಿಸಿಕೊಳ್ಳಿ. ಎತ್ತರದ ಕೆಲಸಕ್ಕೆ ಜನರನ್ನು ದೀಪಾವಳಿ ಕಳೆದ ಕೂಡಲೇ ಹೇಳಿಟ್ಟುಕೊಳ್ಳಿ.

ಬತ್ತಿ ಚಿವುಟುವುದು ಚಿಗುರು ಬಂದಾಗ ಮಾತ್ರ. ಸಾಮಾನ್ಯವಾಗಿ ಚಳಿ ಸರಿದು ಕಾಫಿಯ ಹೂಮಳೆ ಬೀಳುವ ಆಚೀಚೆ. ನಮ್ಮ ಹವೆಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಚಿಗುರುವುದೂ ಉಂಟು. ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಮರ ನೋಡಿ.

ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹಿಡಿದಿರುವಾಗ ಹಸಿ ಕೊಂಬೆ ಮುಟ್ಟಬೇಡಿ. ತೊಗಟೆ ಜಾರುತ್ತದೆ, ಕೊಂಬೆ ನೀರು ಕುಡಿದು ಭಾರವಾಗಿರುತ್ತದೆ, ಗಾಯ ವಾರಗಟ್ಟಲೆ ಒದ್ದೆ. ಕಡೂರು, ಅರಸೀಕೆರೆ ಕಡೆಯವರಿಗೆ ಮಳೆಯ ಕಾಟ ಕಡಿಮೆ, ಅವರು ಉಲ್ಟಾ ನೋಡಿಕೊಳ್ಳಬೇಕು: ಮಾರ್ಚ್-ಏಪ್ರಿಲ್‌ನ ಬಿಸಿಲಿನಲ್ಲಿ ಬಾಯಾರಿದ ಮರಕ್ಕೆ ಕತ್ತರಿ ಬೇಡ.

ಬೇಕಾಗುವ ಸಾಮಾನು

ಬೆರಳು ಗಾತ್ರದವರೆಗಿನ ಕಡ್ಡಿಗೆ ಗಿಡ ಕತ್ತರಿಸುವ ಕೈಗತ್ತರಿ, ಎರಡು ಅಲಗು ಒಂದರ ಪಕ್ಕ ಒಂದು ಜಾರುವಂಥದ್ದು. ಅದಕ್ಕಿಂತ ದಪ್ಪದ್ದಕ್ಕೆ ಮಡಚುವ ಗರಗಸ, ಹಲ್ಲು ಎಳೆಯುವಾಗ ಕೊಯ್ಯುವಂಥದ್ದು. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್. ಒಂದು ಹಗ್ಗ. ಅಲಗು ಒರೆಸಲು ಸ್ಪಿರಿಟ್. ಅಂಟು ತೆಗೆಯಲು ಸೀಮೆಎಣ್ಣೆ ಅಥವಾ ಟರ್ಪೆಂಟೈನ್. ಟರ್ಪೆಂಟೈನ್ ತಯಾರಾಗುವುದೇ ಪೈನ್‌ನ ಅಂಟಿನಿಂದ, ಹಾಗಾಗಿ ಅದು ಆ ಅಂಟನ್ನು ಚೆನ್ನಾಗಿ ಕರಗಿಸುತ್ತದೆ. ಕೈಗೆ ಮಾತ್ರ ತೆಂಗಿನೆಣ್ಣೆ ಸಾಕು. ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು. ಮೊದಲೇ ನೀರು ಹಾಕಿದರೆ ಅಂಟು ಬಿಡುವುದಿಲ್ಲ.

ಕತ್ತಿ, ಮಚ್ಚು, ಕೊಡಲಿ ಬೇಡ. ಕತ್ತಿಯ ಏಟಿಗೆ ತೊಗಟೆ ಸೀಳುತ್ತದೆ. ಏಟು ಬೀಳಬೇಕಾದ ಜಾಗ ಬೆರಳಗಲದ್ದು, ಅಷ್ಟು ಕರಾರುವಾಕ್ಕಾಗಿ ಕತ್ತಿ ಬೀಸಲು ಯಾರಿಗೂ ಆಗುವುದಿಲ್ಲ.

ಹಂತ 1: ನೆಲದಲ್ಲಿ ನಿಂತು ನೋಡಿ

ಮರದ ನಾಲ್ಕೂ ಸುತ್ತ ನಡೆಯಿರಿ. ಯಾವ ಕೊಂಬೆ, ಯಾಕೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. “ಒಣಗಿದೆ”, “ಗೇಟಿಗೆ ಅಡ್ಡ”, “ಇನ್ನೊಂದು ಕೊಂಬೆಗೆ ಉಜ್ಜುತ್ತಿದೆ”: ಇವು ಕಾರಣ. “ದಟ್ಟವಾಗಿ ಕಾಣುತ್ತೆ” ಎಂಬುದು ಕಾರಣವಲ್ಲ. ತೆಗೆಯುವ ಕೊಂಬೆಗೆ ಬಣ್ಣದ ದಾರ ಕಟ್ಟಿ. ಒಂದು ವರ್ಷದಲ್ಲಿ ಇರುವ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನನ್ನನ್ನು ಕೇಳಿದರೆ ದೊಡ್ಡ ಮರಕ್ಕೆ ಅದೂ ಹೆಚ್ಚೇ.

ಆಮೇಲೆ ತಂತಿ. ಇದನ್ನು ದಯವಿಟ್ಟು ಹಗುರಾಗಿ ಓದಬೇಡಿ. ಅಲ್ಯುಮಿನಿಯಂ ಏಣಿ ಎತ್ತಿ ಒರಗಿಸುವಾಗ ಮೇಲಿನ ಕರೆಂಟ್ ತಂತಿಗೆ ತಗುಲಿ, ಮೆಣಸು ಕುಯ್ಯುವವರು, ಮರಗಸಿ ಮಾಡುವವರು ಜೀವ ಕಳೆದುಕೊಂಡ ಸುದ್ದಿಯನ್ನು ನಮ್ಮ ಎರಡೂ ಜಿಲ್ಲೆಯವರು ಎಷ್ಟು ಸಲ ಓದಿದ್ದೇವೆ. ತಂತಿಗೆ ಹತ್ತು ಅಡಿ ಒಳಗೆ ಬರುವ ಕೊಂಬೆ ನಿಮ್ಮ ಕೆಲಸವೂ ಅಲ್ಲ, ನಿಮ್ಮ ಕೆಲಸಗಾರರ ಕೆಲಸವೂ ಅಲ್ಲ. ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂಗೆ, ಹಾಸನದವರು ಸೆಸ್ಕ್‌ಗೆ ಹೇಳಿ. ಎರಡಕ್ಕೂ ಸಹಾಯವಾಣಿ 1912. ಲೈನ್‌ಮ್ಯಾನ್ ಬಂದು ಲೈನ್ ತೆಗೆದ ಮೇಲೆಯೇ ಏಣಿ ಹೊರಗೆ ಬರಲಿ. ಸಾಧ್ಯವಿದ್ದರೆ ಏಣಿಯೇ ಬಿದಿರಿನದ್ದಾಗಲಿ. ಒದ್ದೆ ಬಿದಿರು ಕೂಡ ಕರೆಂಟ್ ಹರಿಸುತ್ತದೆ ಎಂಬುದು ನೆನಪಿರಲಿ.

ಹಂತ 2: ಒಣಗಿದ್ದು ಮೊದಲು

ಒಣಕೊಂಬೆ ತೆಗೆದರೆ ಮರದ ರೂಪ ಕಾಣುತ್ತದೆ, ಎಷ್ಟೋ ಸಲ ಮುಂದಿನ ಕೆಲಸವೇ ಬೇಡವಾಗುತ್ತದೆ. ಒಣಗಿದ್ದರ ಬುಡದಲ್ಲಿ ಜೀವಂತ ತೊಗಟೆ ಉಬ್ಬಿ ಬಳೆಯಂತೆ ಸುತ್ತಿಕೊಂಡಿರುತ್ತದೆ. ಆ ಬಳೆಗೆ ಗರಗಸ ತಾಗಬಾರದು. ಬಳೆಯ ಹೊರಗೆ ಕೊಯ್ಯಿರಿ. ಒಣಕೊಂಬೆಯ ಮೇಲೆ ಕಾಲಿಡಬೇಡಿ, ಏಣಿ ಒರಗಿಸಬೇಡಿ. ಪೈನ್‌ನ ಒಣಕೊಂಬೆ ಮುನ್ಸೂಚನೆ ಕೊಡದೆ ಬುಡದಲ್ಲೇ ಮುರಿಯುತ್ತದೆ.

ಹಂತ 3: ಹಸಿ ಕೊಂಬೆಗೆ ಮೂರು ಕೊಯ್ತ

ಇಲ್ಲಿ ಸ್ವಲ್ಪ ನಿಧಾನಿಸೋಣ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೈ ಇಟ್ಟು ತಡವಿ. ಬುಡದಲ್ಲಿ ಸ್ವಲ್ಪ ಉಬ್ಬು ಸಿಗುತ್ತದೆ, ತೊಗಟೆ ಸುಕ್ಕುಸುಕ್ಕಾಗಿರುತ್ತದೆ. ಇದು ಕೊಂಬೆಯ ಕೊರಳು. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಈ ಕೊರಳಿನಿಂದ. ಕಾಂಡಕ್ಕೆ ನುಣ್ಣಗೆ ಸಮವಾಗಿ ಕೊಯ್ದರೆ ಕೊರಳೇ ಹೋಗುತ್ತದೆ, ಗಾಯ ದೊಡ್ಡದಾಗಿ ಒಳಗೆ ಕೊಳೆ ಇಳಿಯುತ್ತದೆ. ಗೇಣುದ್ದ ಬಿಟ್ಟು ಕೊಯ್ದರೆ ಆ ಮೋಟು ಒಣಗಿ ನಿಲ್ಲುತ್ತದೆ, ಮುಚ್ಚುವುದಕ್ಕೆ ವರ್ಷಗಳು ಬೇಕು.

ನನ್ನದೇ ಅಂಗಳದ ಮರದಲ್ಲಿ ಮೊಣಕೈ ಉದ್ದದ ಅಂಥ ಮೋಟು ಒಂದಿದೆ. ಆರಂಭದ ವರ್ಷಗಳಲ್ಲಿ, ಸಿಲ್ವರ್ ಮರದಂತೆ ಚಿಗುರೀತು ಎಂದು ಬೋಳು ಭಾಗದಲ್ಲಿ ನಾನೇ ಕೊಯ್ದದ್ದು. ಒಂದು ಸೂಜಿಯೂ ಬರಲಿಲ್ಲ. ಈ ಲೇಖನ ಬರೆಯಲು ಕುಳಿತದ್ದಕ್ಕೆ ಅದೂ ಒಂದು ಕಾರಣ.

ಹೆಬ್ಬೆರಳಿಗಿಂತ ದಪ್ಪದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧಕ್ಕೆ ಬರುವಾಗ ಭಾರಕ್ಕೆ ಮುರಿದು, ಕೆಳಗಿನ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಅದಕ್ಕೆ ಮೂರು ಕೊಯ್ತ:

1. ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೊಂಬೆಯ ಕೆಳಮೈಯಿಂದ ಮೇಲಕ್ಕೆ, ದಪ್ಪದ ಮೂರರಲ್ಲೊಂದು ಭಾಗ ಕೊಯ್ಯಿರಿ. ಗರಗಸ ಬಿಗಿ ಹಿಡಿಯುವ ಮೊದಲೇ ನಿಲ್ಲಿಸಿ.
2. ಅದರಿಂದ ಎರಡು ಮೂರು ಇಂಚು ಇನ್ನೂ ಆಚೆ, ಮೇಲಿನಿಂದ ಕೆಳಗೆ ಕೊಯ್ಯಿರಿ. ಕೊಂಬೆ ಮುರಿದು ಬೀಳುತ್ತದೆ, ಸೀಳಿದರೂ ಮೊದಲ ಕೊಯ್ತದಲ್ಲಿ ನಿಲ್ಲುತ್ತದೆ.
3. ಉಳಿದ ಹಗುರ ಮೋಟನ್ನು ಒಂದು ಕೈಯಲ್ಲಿ ಹಿಡಿದು, ಕೊರಳಿನ ಹೊರ ಅಂಚಿಗೆ ಸರಿಯಾಗಿ ಕೊಯ್ಯಿರಿ.

ಸರಿಯಾಗಿ ಬಿದ್ದ ಕೊಯ್ತ ಹೆಚ್ಚುಕಡಿಮೆ ದುಂಡಗಿರುತ್ತದೆ. ಮೊಟ್ಟೆಯಾಕಾರಕ್ಕೆ ಉದ್ದವಾಗಿ ಬಂದರೆ ನೀವು ಕಾಂಡಕ್ಕೆ ತೀರಾ ಒತ್ತಿ ಕೊಯ್ದಿದ್ದೀರಿ ಎಂದರ್ಥ.

ಸ್ವಲ್ಪ ಹೊತ್ತಿಗೆ ಗಾಯದ ಅಂಚಿನಲ್ಲಿ ಜೇನಿನಂಥ ಹನಿಗಳು ಮೂಡುತ್ತವೆ. ಅದು ರಾಳ, ಮರದ ಸ್ವಂತ ಮದ್ದು. ಕಾಫಿ, ಅಡಿಕೆಗೆ ಹಚ್ಚಿ ಅಭ್ಯಾಸವಾಗಿರುವ ಬೋರ್ಡೋ ಮುಲಾಮು ಇಲ್ಲಿ ಬೇಕಿಲ್ಲ. ಟಾರು, ಪೇಂಟು, ಸಗಣಿ ಅಂತೂ ಬೇಡವೇ ಬೇಡ, ಅವು ಒಳಗೆ ತೇವ ಹಿಡಿದಿಡುತ್ತವೆ.

ಹಂತ 4: ಕೆಳಗಿನ ಕೊಂಬೆ ಎತ್ತರಿಸುವುದು

ಕಾರು ನಿಲ್ಲಿಸಲು, ಓಡಾಡಲು ಕೆಳಗಿನ ಸುತ್ತು ತೆಗೆಯಬೇಕಾಗುತ್ತದೆ. ತೆಗೆಯಬಹುದು, ಒಂದೇ ಸಲ ಅಲ್ಲ. ವರ್ಷಕ್ಕೆ ಒಂದು ಸುತ್ತು. ಯಾವತ್ತೂ ಮರದ ಎತ್ತರದ ಮೂರರಲ್ಲಿ ಎರಡು ಭಾಗ ಹಸಿರು ಕೊಂಬೆಯಿಂದ ತುಂಬಿರಲಿ. ಮೂವತ್ತು ಅಡಿ ಮರವಾದರೆ ಕೆಳಗಿನ ಹತ್ತು ಅಡಿ ಬೋಳು, ಅದಕ್ಕಿಂತ ಮೇಲೆ ಹೋಗಬೇಡಿ. ಆಳೆತ್ತರದ ಎಳೆ ಗಿಡಕ್ಕೆ ಕೆಳಗಿನ ಕೊಂಬೆ ತೆಗೆದು ‘ಮರದ ಆಕಾರ’ ಕೊಡುವ ಆತುರವೂ ಬೇಡ. ಬುಡದ ಕಾಂಡ ದಪ್ಪವಾಗುವುದಕ್ಕೆ ಆ ಕೊಂಬೆಗಳೇ ಉಣಿಸುವುದು.

ಒಂದು ಸುತ್ತಿನ ನಾಲ್ಕೈದೂ ಕೊಂಬೆ ದಪ್ಪಗಿದ್ದರೆ ಈ ವರ್ಷ ಎರಡು, ಬರುವ ವರ್ಷ ಉಳಿದವು. ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಎಲ್ಲ ಕಡೆ ಗಾಯವಾಗುವುದು ಒಳ್ಳೆಯದಲ್ಲ.

ಗಾಳಿ ಹಾಯಲಿ ಎಂದು ಕೊಂಬೆಯ ಒಳಭಾಗದ ಕಡ್ಡಿಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಗೊಂಚಲು ಬಿಡುವವರಿದ್ದಾರೆ. ಭಾರವೆಲ್ಲ ತುದಿಗೆ ಸೇರಿ ಮಳೆಗಾಲದ ಗಾಳಿಗೆ ಕೊಂಬೆ ಇನ್ನೂ ಬೇಗ ಮುರಿಯುತ್ತದೆ.

ಹಂತ 5: ಬತ್ತಿ ಚಿವುಟುವುದು

ಮರ ಒತ್ತಾಗಬೇಕು, ಅಗಲ ಕಡಿಮೆಯಾಗಬೇಕು ಎನ್ನುವವರಿಗೆ ಸರಿಯಾದ ದಾರಿ ಇದೊಂದೇ. ಗರಗಸದ ಕೆಲಸವಲ್ಲ, ಬೆರಳಿನ ಕೆಲಸ. ಕೈಗೆಟಕುವ ಎಳೆ ಮರಕ್ಕೆ ಮಾತ್ರ ಆಗುವಂಥದ್ದು.

ಬತ್ತಿ ಪೂರ್ತಿ ಉದ್ದವಾಗಿರಬೇಕು, ಅದರ ಮೈಯ ಸೂಜಿಗಳು ಆಗಷ್ಟೇ ಹೊರಗಿಣುಕಿರಬೇಕು, ಇನ್ನೂ ಅರಳಿರಬಾರದು. ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಬಗ್ಗಿಸಿದರೆ ಎಳೆ ಬೀನ್ಸ್ ಮುರಿದಂತೆ ಸದ್ದು ಮಾಡಿ ಮುರಿಯಬೇಕು. ಉದ್ದದ ಮೂರರಲ್ಲೊಂದರಿಂದ ಅರ್ಧದವರೆಗೆ ಮುರಿಯಿರಿ, ಬುಡದ ಭಾಗ ಉಳಿಯಲಿ. ಮುರಿದ ಜಾಗದಲ್ಲಿ ಹೊಸ ಮೊಗ್ಗು ಕೂತು, ಮುಂದಿನ ಚಿಗುರಿನಲ್ಲಿ ಒಂದರ ಬದಲು ಮೂರ್ನಾಲ್ಕು ಟೊಂಗೆ ಬರುತ್ತವೆ. ಬತ್ತಿ ಬಗ್ಗುತ್ತದೆ, ಮುರಿಯುವುದಿಲ್ಲ ಎಂದಾದರೆ ಕಾಲ ಮೀರಿತು. ಆಗ ಚಿವುಟಿದರೆ ಮೊಗ್ಗು ಕೂರುವುದು ಅನುಮಾನ, ಮುಂದಿನ ಚಿಗುರಿಗೆ ಕಾಯಿರಿ.

ಕತ್ತರಿ ಯಾಕೆ ಬೇಡ? ಬತ್ತಿಯ ಜೊತೆಗೆ ಸುತ್ತಲಿನ ಸೂಜಿಗಳ ತುದಿಯೂ ಕತ್ತರಿಸಿಹೋಗಿ, ಎರಡು ವಾರಕ್ಕೆ ಮರವೆಲ್ಲ ಸುಟ್ಟಂತೆ ಕಂದಾಗಿ ಕಾಣುತ್ತದೆ. ದೊಡ್ಡ ಕತ್ತರಿಯಿಂದ ಬೇಲಿ ಕತ್ತರಿಸಿದಂತೆ ಮಾಡಿದರಂತೂ ಹೇಳುವುದೇ ಬೇಡ.

ಕಾಂಡದ ನೆತ್ತಿಯ ನಡುಬತ್ತಿಯನ್ನು ಚಿವುಟಬೇಡಿ. ಎತ್ತರ ನಿಧಾನವಾಗಲಿ ಎಂದು ಆಸೆಯಿದ್ದರೆ ಅದರ ಮೂರರಲ್ಲೊಂದು ಭಾಗ ಮುರಿಯಬಹುದು, ಆಗ ಅಕ್ಕಪಕ್ಕದ ಬತ್ತಿಗಳನ್ನು ಅದಕ್ಕಿಂತ ಗಿಡ್ಡ ಮಾಡಲೇಬೇಕು. ಇಲ್ಲದಿದ್ದರೆ ಅವು ಪೈಪೋಟಿಗೆ ನಿಲ್ಲುತ್ತವೆ.

ಬತ್ತಿಯ ಕಾಲ ತಪ್ಪಿ, ಉದ್ದವಾದ ಕೊಂಬೆಯನ್ನು ಗಿಡ್ಡ ಮಾಡಲೇಬೇಕಾದರೆ, ಹಸಿರು ಸೂಜಿ ಇರುವ ಒಂದು ಪಕ್ಕದ ಟೊಂಗೆ ಹುಡುಕಿ ಅದರ ಬುಡದವರೆಗೆ ಕೊಯ್ಯಿರಿ. ಕೊಯ್ದ ಜಾಗದ ಹಿಂದೆ ಹಸಿರು ಇರಲೇಬೇಕು.

ಹಂತ 6: ಎರಡು ತುದಿ, ಮುರಿದ ತುದಿ

ಎಳೆ ಮರದಲ್ಲಿ ಎರಡು ನೆತ್ತಿ ಸಮನಾಗಿ ಮೇಲೇರುತ್ತಿದ್ದರೆ ಸೊರಗಿದ್ದನ್ನು ಈಗಲೇ ತೆಗೆಯಿರಿ. ಹತ್ತು ವರ್ಷ ಬಿಟ್ಟರೆ ಎರಡರ ನಡುವಿನ ಕವಲು ಗಾಳಿಗೆ ಸೀಳುತ್ತದೆ.

ಗಾಳಿಗೋ, ಮಂಗನ ಕಾಟಕ್ಕೋ ನೆತ್ತಿ ಮುರಿದಿದ್ದರೆ ಕೈಚೆಲ್ಲಬೇಡಿ. ಮುರಿದದ್ದನ್ನು ಅದರ ಕೆಳಗಿನ ಸುತ್ತಿನ ಸ್ವಲ್ಪ ಮೇಲೆ ಓರೆಯಾಗಿ ಕೊಯ್ಯಿರಿ, ನೀರು ನಿಲ್ಲದಂತೆ. ಆ ಸುತ್ತಿನಲ್ಲಿ ಗಟ್ಟಿಯಾದ, ಬಾಗುವ ಒಂದು ಕೊಂಬೆ ಆರಿಸಿ. ಕಾಂಡಕ್ಕೆ ಬಿದಿರು ಗಳ ಕಟ್ಟಿ, ಆ ಕೊಂಬೆಯನ್ನು ಮೆಲ್ಲಗೆ ನೆಟ್ಟಗೆ ಎತ್ತಿ ಗಳಕ್ಕೆ ಬಿಗಿಯಿರಿ. ಕಟ್ಟಲು ಬಾಳೆನಾರು ಅಥವಾ ಹಳೆ ಪಂಚೆಯ ಪಟ್ಟಿ. ಬೈಂಡಿಂಗ್ ವಯರ್ ಬೇಡ, ತೊಗಟೆಗೆ ಹೂತು ಮತ್ತೆ ಅಲ್ಲೇ ಮುರಿಯುತ್ತದೆ. ಅದೇ ಸುತ್ತಿನ ಉಳಿದ ಕೊಂಬೆಗಳ ಬತ್ತಿ ಚಿವುಟಿ ಹಿಂದೆ ಇಡಿ. ಒಂದೆರಡು ವರ್ಷಕ್ಕೆ ಅದೇ ಹೊಸ ನೆತ್ತಿಯಾಗುತ್ತದೆ. ಆರು ತಿಂಗಳಿಗೊಮ್ಮೆ ಕಟ್ಟು ಸಡಿಲಿಸಿ ಮತ್ತೆ ಕಟ್ಟುವುದನ್ನು ಮರೆಯಬೇಡಿ.

ಬೇಕೆಂದೇ ತುದಿ ಹೊಡೆಸಿದ ಮರ ಏನಾಗುತ್ತದೆ ಎನ್ನುವುದಕ್ಕೂ ಇದೇ ಉತ್ತರ. ಕೆಳಗಿನ ಸುತ್ತಿನ ನಾಲ್ಕೈದೂ ಕೊಂಬೆಗಳು ನೆತ್ತಿಯಾಗಲು ಒಟ್ಟಿಗೆ ಏಳುತ್ತವೆ. ನಡುವಿನ ಮೋಟಿನಿಂದ ನೀರಿಳಿದು ಕೊಳೆಯುತ್ತದೆ. ಕೊಳೆತ ಆ ಜಾಗದ ಮೇಲೆಯೇ ನಾಲ್ಕೈದು ಭಾರದ ತುದಿಗಳು ನಿಂತಿರುತ್ತವೆ. ಬೀಳಬಾರದು ಎಂದು ತುದಿ ಹೊಡೆಸಿದ ಮರ ಬೀಳುವ ಅಪಾಯ ಹೆಚ್ಚಾಗುವುದು ಹೀಗೆ.

ಮರ ಗೋಡೆಗೆ ಐದಾರು ಅಡಿ ದೂರದಲ್ಲಿದೆ, ನಿಜಕ್ಕೂ ಜಾಗ ಸಾಲದು ಎಂದಾದರೆ ಸವರುವುದರಿಂದ ಪರಿಹಾರವಿಲ್ಲ. ತೆಗೆದು, ಬೇರೆ ಜಾಗದಲ್ಲಿ ಇಪ್ಪತ್ತೈದು ಅಡಿ ದೂರಕ್ಕೆ ಹೊಸದು ನೆಡುವುದೇ ಪ್ರಾಮಾಣಿಕ ದಾರಿ. ಬುಡಸಮೇತ ಕಡಿಸುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂದು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ.

ಹಂತ 7: ಬಿದ್ದದ್ದನ್ನು ತೆಗೆಯುವುದು

ಹಸಿ ಕೊಂಬೆಯ ರಾಶಿಯನ್ನು ಮರದ ಬುಡದಲ್ಲೇ ವಾರಗಟ್ಟಲೆ ಬಿಡಬೇಡಿ. ರಾಳದ ವಾಸನೆಗೆ ತೊಗಟೆ ಕೊರೆಯುವ ದುಂಬಿಗಳು ಬರುತ್ತವೆ. ಬಚ್ಚಲೊಲೆಗೆ ಹಾಕುವುದಾದರೆ ಚೆನ್ನಾಗಿ ಒಣಗಿದ ಮೇಲೆ, ಅದೂ ಸ್ವಲ್ಪ ಸ್ವಲ್ಪ. ಹಸಿಯದು ಕಪ್ಪು ಹೊಗೆ ಕಾರಿ ಹೊಗೆಗೂಡಿಗೆ ಮಸಿ ಕಟ್ಟುತ್ತದೆ, ಕಿಡಿಯೂ ಸಿಡಿಯುತ್ತದೆ. ಉದುರಿದ ಸೂಜಿಗಳು ಹೂಗಿಡದ ಬುಡಕ್ಕೆ ಒಳ್ಳೆಯ ಮುಚ್ಚಿಗೆ. ಆದರೆ ಫೆಬ್ರವರಿಯಿಂದ ಮಳೆ ಬೀಳುವವರೆಗೆ ಮನೆಗೋಡೆ, ಸೌದೆ ಕೊಟ್ಟಿಗೆಯ ಹತ್ತಿರ ರಾಶಿ ಹಾಕಬೇಡಿ. ಒಣಗಿದ ಪೈನ್ ಸೂಜಿಗೆ ಒಂದು ಬೀಡಿ ತುಂಡು ಸಾಕು.

ಬೇರೆಯವರಿಂದ ಮಾಡಿಸುವುದಾದರೆ

ಕಾಲು ನೆಲ ಬಿಟ್ಟು ಮಾಡುವ ಕೆಲಸ ಯಾವುದನ್ನೂ ಅಭ್ಯಾಸವಿಲ್ಲದವರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮರಗಸಿಯವರನ್ನು ಕರೆಯಿರಿ, ಆದರೆ ಅವರು ಮರ ಹತ್ತುವ ಮೊದಲು ಜೊತೆಗೆ ನಿಂತು ಮಾತಾಡಿ. “ಅಣ್ಣ, ಇದು ಸಿಲ್ವರ್ ಅಲ್ಲ, ಚಿಗುರೋದಿಲ್ಲ. ದಾರ ಕಟ್ಟಿರೋದು ಮಾತ್ರ ತೆಗೀರಿ. ತುದಿ ಮುಟ್ಟಬೇಡಿ, ಕತ್ತಿ ಬೇಡ, ಗರಗಸ ನಾನು ಕೊಡ್ತೀನಿ.” ಇಷ್ಟು ಹೇಳಿದರೆ ಅವರ ಕೈಗೆ ಕಷ್ಟವೇನಿಲ್ಲ. ಮೊದಲ ಕೊಂಬೆಯನ್ನು ಕೆಳಗಿನ ಸುತ್ತಿನಲ್ಲಿ ಅವರ ಎದುರು ನೀವೇ ಮೂರು ಕೊಯ್ತದಲ್ಲಿ ತೆಗೆದು ತೋರಿಸಿ. ಸೊಂಟಕ್ಕೆ ಹಗ್ಗವಿಲ್ಲದೆ ಹತ್ತಲು ಬಿಡಬೇಡಿ, ಅವರೇ ಬೇಡ ಎಂದರೂ ಸರಿ. ಕೆಲಸ ಮುಗಿಯುವವರೆಗೆ ಮಕ್ಕಳು, ನಾಯಿ ಅಂಗಳಕ್ಕೆ ಬಾರದಂತೆ ನೋಡಿಕೊಳ್ಳಿ. ಗುತ್ತಿಗೆಗಿಂತ ದಿನಗೂಲಿಗೆ ಮಾತಾಡುವುದು ಮೇಲು. ಗುತ್ತಿಗೆಯಲ್ಲಿ ಆತುರ ಸೇರಿಕೊಳ್ಳುತ್ತದೆ.

ಆಮೇಲಿನ ತಿಂಗಳುಗಳು

ಕೆಲವು ವಾರ ಗಾಯದಿಂದ ರಾಳ ಇಳಿಯುವುದು ಸಹಜ. ಬಿಳಿಯಾಗಿ ಒಣಗಿ ಹಾಲುಮಡ್ಡಿಯಂತೆ ಗಟ್ಟಿಯಾಗುತ್ತದೆ, ಕೆರೆಯಬೇಡಿ. ಕಾರನ್ನು ಅದರ ಕೆಳಗೆ ನಿಲ್ಲಿಸಬೇಡಿ. ಕೊಯ್ಯದ ಜಾಗದಲ್ಲಿ ರಾಳ ಒಸರುತ್ತಿದ್ದು, ಜೊತೆಗೆ ಸಣ್ಣ ತೂತು, ಮರದ ಹಿಟ್ಟು ಕಂಡರೆ ಮಾತ್ರ ಅದು ಕೊರೆಯುವ ಹುಳು. ಆಗ ತಡಮಾಡದೆ ತಿಳಿದವರಿಗೆ ತೋರಿಸಿ.

ಗೊಬ್ಬರ ಸುರಿದು ಮರವನ್ನು ಓಡಿಸಬೇಡಿ. ಸಡಿಲ ಚಿಗುರು ಬರುತ್ತದೆ, ಗಾಳಿಗೆ ಮುರಿಯುತ್ತದೆ. ಕಡೂರು, ಅರಸೀಕೆರೆ ಕಡೆ ಬೇಸಿಗೆಯಲ್ಲಿ ಎಳೆ ಮರಕ್ಕೆ ವಾರಕ್ಕೊಮ್ಮೆ ಕೊಂಬೆಯ ಹರವಿನ ಅಂಚಿಗೆ ನೀರು ಕೊಟ್ಟರೆ ಸಾಕು. ಬುಡಕ್ಕೆ ಒತ್ತಿ ಮಣ್ಣು, ಸೂಜಿ ಏರಿಸಬೇಡಿ, ಒಂದು ಗೇಣು ಬಿಡಿ.

ಒಂದು ವರ್ಷದ ಮೇಲೆ ಗಾಯಗಳನ್ನು ಮತ್ತೆ ನೋಡಿ. ಕೊರಳಿನ ಕಡೆಯಿಂದ ಹೊಸ ತೊಗಟೆ ವಡೆಯ ಅಂಚಿನಂತೆ ಉಬ್ಬಿ ನಾಲ್ಕೂ ಕಡೆಯಿಂದ ಒಳಮುಖವಾಗಿ ಬರುತ್ತಿದ್ದರೆ ನಿಮ್ಮ ಕೊಯ್ತ ಸರಿಯಾದ ಜಾಗಕ್ಕೆ ಬಿದ್ದಿದೆ. ಒಂದು ಬದಿಯಲ್ಲಿ ಉಬ್ಬೇ ಇಲ್ಲದಿದ್ದರೆ ಆ ಬದಿಯಲ್ಲಿ ಕೊರಳು ಕತ್ತರಿಸಿಹೋಗಿದೆ. ಆ ಜಾಗವನ್ನು ಪ್ರತಿ ಮೇ ತಿಂಗಳಲ್ಲಿ ಬೆರಳಿನಿಂದ ಒತ್ತಿ, ಮೆತ್ತಗಾಗಿದೆಯೇ ಎಂದು ನೋಡುತ್ತ ಬನ್ನಿ.